ನ್ಯಾಯದ ತಕ್ಕಡಿಯಲ್ಲಿ ಭಾಷೆ: ‘ಡೆಡ್‌ವುಡ್’

ಡೇವಿಡ್ ಮಿಲ್ಚ್ ರೂಪಿಸಿದ ‘ಡೆಡ್‌ವುಡ್’ (ಎಚ್‌ಬಿಒ, 2004–06) ದೂರದರ್ಶನ ಧಾರಾವಾಹಿಯ ಕಥೆ ಆರಂಭವಾಗುವುದು 1876ರಲ್ಲಿ, ಡಕೋಟಾ ಪ್ರಾಂತ್ಯದ ಚಿನ್ನದ ಶಿಬಿರವೊಂದರಲ್ಲಿ. 1868ರ ಒಪ್ಪಂದದಂತೆ ಆ ನೆಲ ಲಕೋಟಾ ಜನರದು. ಅಲ್ಲಿ ಬೀಡುಬಿಟ್ಟ ಬಿಳಿಯರೇ ಕಾನೂನು ಮೀರಿದವರು. ಆದರೂ ಶಿಬಿರದ ಕಣ್ಣಿಗೆ ಪರಕೀಯನಾಗಿ ಕಾಣುವವನು ಚೀನೀಯನಾದ ವೂ.

ಮೊದಲ ಸರಣಿಯ ‘ಮಿಸ್ಟರ್ ವೂ’ ಕಂತಿನಲ್ಲಿ, ವೂಗೆ ಅಫೀಮು ತರುತ್ತಿದ್ದವನನ್ನು ಇಬ್ಬರು ಬಿಳಿಯರು ಕೊಲ್ಲುತ್ತಾರೆ. ಇಂಗ್ಲಿಷಿನಲ್ಲಿ ಬೈಗುಳವೊಂದರಾಚೆ ಹೆಚ್ಚೇನೂ ಅರಿಯದ ವೂ, ಕಾಗದದ ಮೇಲೆ ಚಿತ್ರ ಬರೆದು ಮದ್ಯದಂಗಡಿಯ ಒಡೆಯ ಸ್ವೆರೆಂಜನ್‌ನಿಗೆ ದೂರು ಕೊಡುತ್ತಾನೆ. ದೃಶ್ಯ ನಗೆಯುಕ್ಕಿಸುತ್ತದೆ; ತೀರ್ಪು ಆ ನಗೆಯನ್ನು ಅಡಗಿಸುತ್ತದೆ. ಒಬ್ಬ ಚೀನೀಯನ ಜೀವಕ್ಕೆ ಇಬ್ಬರು ಬಿಳಿಯರ ಜೀವ ದುಬಾರಿಯೆಂದು, ಒಬ್ಬನ ಶವವಷ್ಟೇ ವೂಗೆ ದಕ್ಕುತ್ತದೆ.

ವೂ ಮೂಕನಲ್ಲ, ಊರಿಗೇ ಕಿವಿಯಿಲ್ಲ ಎಂಬುದನ್ನು ಈ ಕರಾಳ ಹಾಸ್ಯ ನಿಷ್ಠುರವಾಗಿ ತೋರಿಸುತ್ತದೆ. ಆದರೆ ಅದರ ಮಿತಿಯೂ ಅಲ್ಲಿಯೇ ಇದೆ. ಸ್ವೆರೆಂಜನ್ ತನ್ನ ಅಂತರಂಗವನ್ನು ತೋಡಿಕೊಳ್ಳುವುದು ಪೆಟ್ಟಿಗೆಯಲ್ಲಿಟ್ಟ ಮೂಲನಿವಾಸಿಯೊಬ್ಬನ ಕಡಿದ ತಲೆಯೆದುರು. ವೂಗೆ ಚಿತ್ರವಾದರೂ ಒದಗಿತು. ನೆಲದ ಒಡೆಯರಿಗೆ ಕೃತಿ ಬಿಟ್ಟುಕೊಟ್ಟ ಪಾತ್ರ ಮಾತ್ರ ಕೇಳುಗನದು, ಅದೂ ನಾಲಗೆಯಾಡದ ಕೇಳುಗನದು. ಪೂರ್ವಗ್ರಹವನ್ನು ಬಯಲಿಗೆಳೆದ ಕೃತಿಯೇ ಅದರ ಮೌನವನ್ನು ಮುಂದುವರಿಸಿದೆ.