ಸುಣ್ಣದ ಹರಳನ್ನು ಮುಟ್ಟಿ ಓದುವ ಮೊನೆ

ಹುಲಗೂರು, ಸವಣೂರು ಕಡೆಯ ಎರೆಹೊಲಗಳಲ್ಲಿ ಸಿಗುವ ಸುಣ್ಣದ ಹರಳಿನಲ್ಲಿ ಇರುವುದು ಬಹುಪಾಲು ಕ್ಯಾಲ್ಸೈಟ್. ಇದೇ ಖನಿಜದ ಹೊಸದಾಗಿ ಸೀಳಿದ ಮೈಯನ್ನು ನೀರಿನಲ್ಲಿಟ್ಟು, 1993ರಲ್ಲಿ ವಿಜ್ಞಾನಿಗಳಾದ ಓನೆಸೋರ್ಗೆ ಮತ್ತು ಬಿನ್ನಿಗ್ ಬಿಡಿ ಪರಮಾಣುಗಳ ಮಟ್ಟದಲ್ಲಿ ಚಿತ್ರಿಸಿದರು. ಬಿನ್ನಿಗ್, ಕ್ವೇಟ್, ಗರ್ಬರ್ 1986ರಲ್ಲಿ ಜಗತ್ತಿಗೆ ಕೊಟ್ಟ ಪರಮಾಣು ಬಲ ಸೂಕ್ಷ್ಮದರ್ಶಕದ ಸಾಧನೆಯಿದು.

ಈ ಯಂತ್ರ ನೋಡುವುದಿಲ್ಲ, ಬ್ರೈಲ್ ಓದುವ ಬೆರಳಿನಂತೆ ತಡವುತ್ತದೆ. ಕೂದಲಿಗಿಂತ ತೆಳುವಾದ ಪಟ್ಟಿಯ ತುದಿಯಲ್ಲಿ ಒಂದು ಮೊನೆ. ಅದು ಕಲ್ಲಿನ ಮೇಲೆ ಸಾಲುಸಾಲಾಗಿ ಹಾಯುವಾಗ ಪಟ್ಟಿ ಬಾಗುತ್ತದೆ, ಅದರ ಬೆನ್ನಿನಿಂದ ಪುಟಿದ ಲೇಸರ್ ಕಿರಣ ತುಸು ಸರಿಯುತ್ತದೆ. ಆ ಸರಿದಾಟವೇ ಚಿತ್ರವಾಗುತ್ತದೆ.

ನನಗೆ ತೀರ ಮೆಚ್ಚುಗೆಯಾದದ್ದು, ಇದು ನೀರಿನಲ್ಲೂ ದುಡಿಯುವುದು. ಹರಳು ಕರಗುವುದನ್ನೂ ಬೆಳೆಯುವುದನ್ನೂ ಮೆಟ್ಟಿಲು ಮೆಟ್ಟಿಲಾಗಿ ಕಾಣಬಹುದು. ಒಂದು ಮೆಟ್ಟಿಲಿನ ಎತ್ತರ ಸುಮಾರು 0.3 ನ್ಯಾನೋಮೀಟರ್, ಒಂದು ಮಿಲಿಮೀಟರಿಗೆ ಅಂಥವು 30 ಲಕ್ಷಕ್ಕೂ ಹೆಚ್ಚು.