ನಾರುಹುಣ್ಣು: ನಾಯಿಯ ಕಾಲನ್ನು ನೋಡಿದವರಾರು?

ನಾರುಹುಣ್ಣನ್ನು (ಗಿನಿ ಹುಳುವಿನ ರೋಗವನ್ನು) ಓಡಿಸಿದ್ದು ನಮ್ಮ ಆರೋಗ್ಯ ಇಲಾಖೆಗಳ ಅಪರೂಪದ ಗೆಲುವು, ಅನುಮಾನವಿಲ್ಲ. 1984ರಲ್ಲಿ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು. 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕೊನೆಯ ಪ್ರಕರಣ ಕಂಡುಬಂತು, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಬಂತು. ಪೀಡಿತ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗಿನ್ನೂ ರಾಯಚೂರು ಜಿಲ್ಲೆಯ ತಾಲೂಕುಗಳು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ದೇಶದ ಕೊನೆಯ ಹುಳು ಹೊರಬಿದ್ದ ಮರುವರ್ಷ.

ವಿಚಿತ್ರವೆಂದರೆ ಈ ಗೆಲುವಿನಲ್ಲಿ ಪ್ರಯೋಗಾಲಯದ ಪಾಲು ತೀರ ಕಡಿಮೆ. ಬೊಬ್ಬೆ ಒಡೆದು ಮೀಟರ್ ಉದ್ದದ ಬಿಳಿ ನಾರು ಹೊರಬಂದರೆ ಇನ್ನಾವ ಪರೀಕ್ಷೆ ಬೇಕು? ಕಾಲು ನೀರಿಗಿಟ್ಟಾಗ ಹುಳು ಲಕ್ಷಾಂತರ ಮರಿ ಬಿಡುತ್ತದೆ. ಆ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಉದ್ದ ಬಾಲದ ಮರಿಗಳು ಕಾಣುತ್ತವೆ, ಅಷ್ಟೇ. ಮರಿಗಳನ್ನು ಸೈಕ್ಲಾಪ್ಸ್ ಎಂಬ ನೀರಿನ ಪುಟ್ಟ ಜೀವಿ ನುಂಗುತ್ತದೆ, ಸೈಕ್ಲಾಪ್ಸನ್ನು ನೀರು ಕುಡಿದವರು ನುಂಗುತ್ತಾರೆ. ಅಲ್ಲಿಂದ ಹುಳು ಹೊರಬರುವವರೆಗೆ ಸುಮಾರು ಒಂದು ವರ್ಷ; ಆ ಅವಧಿಯಲ್ಲಿ ಅದನ್ನು ಹಿಡಿಯುವ, ಹಳ್ಳಿಯಲ್ಲಿ ಬಳಸಬಹುದಾದ ಪರೀಕ್ಷೆ ಇಂದಿಗೂ ಇಲ್ಲ. ಹಾಗಾಗಿ ಪಾವಟಿಗೆ ಬಾವಿಗಳಿಗೆ ಸೈಕ್ಲಾಪ್ಸ್ ಕೊಲ್ಲುವ ಟೆಮಿಫಾಸ್ ಬಿತ್ತು, ಬಟ್ಟೆಯಲ್ಲಿ ಸೋಸುವ ಪಾಠ ನಡೆಯಿತು, ಕೊಳವೆಬಾವಿ ಬಂತು.

ನನ್ನ ತಕರಾರು ಇರುವುದು ಆ ಪ್ರಮಾಣಪತ್ರ ಕೇಳಿದ ಪ್ರಶ್ನೆಯ ಬಗ್ಗೆ. ಅದು ಮನುಷ್ಯರ ಕಾಲುಗಳನ್ನಷ್ಟೇ ಎಣಿಸಿತು. 2012ರಿಂದ ಆಫ್ರಿಕಾದ ಚಾಡ್‌ನಲ್ಲಿ ನಾಯಿಗಳ ಮೈಯಿಂದ ನಾರು ಬರತೊಡಗಿತು. ವಂಶವಾಹಿ ಹೋಲಿಸಿದಾಗ ಗೊತ್ತಾಯಿತು: ಮನುಷ್ಯರ ಹುಳುವೂ ನಾಯಿಯ ಹುಳುವೂ ಒಂದೇ ಜಾತಿ. ಅಲ್ಲಿ ಈಗ ರೋಗ ಉಳಿದಿರುವುದು ಹೆಚ್ಚಾಗಿ ನಾಯಿಗಳಲ್ಲೇ. ಕಣ್ಣಿನಿಂದ ಗುರುತಿಸಿದರೆ ಸಾಕೆನಿಸಿದ್ದ ಹುಳು ಅಲ್ಲಿ ಪ್ರಯೋಗಾಲಯವನ್ನು ಕೇಳಿತು.

ನಮ್ಮಲ್ಲೂ ಹುಳು ನಾಯಿಗಳಲ್ಲಿ ಅಡಗಿದೆ ಎನ್ನಲಾರೆ. ಚಾಡ್‌ನ ನಾಯಿಗಳಿಗೆ ಅದು ಮೀನಿನ ಕರುಳಿನಿಂದ, ಕಪ್ಪೆಯಿಂದ ಬಂದಿರಬಹುದೆಂಬ ಊಹೆಯಿದೆ. ಇಲ್ಲಿಯ ಹಾದಿ ಬಾವಿಯದು, ಅದು ಮುಚ್ಚಿದೆ. ಇಷ್ಟು ವರ್ಷ ಒಬ್ಬ ಮನುಷ್ಯನಿಗೂ ನಾರು ಬಾರದಿರುವುದು ಗಟ್ಟಿ ಸಾಕ್ಷಿಯೇ. ಆದರೆ ಯಾರೂ ಕೇಳದ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ದುರ್ಬಲ. ಆಗಿನ ಪರಿಶೀಲಕರಿಗೆ ಚಾಡ್ ತಿಳಿದಿರಲಿಲ್ಲ, ಅವರನ್ನು ದೂರುವುದು ಸರಿಯಲ್ಲ. ನಮಗೆ ತಿಳಿದಿದೆ. ನಾಯಿಯ ಕಾಲಿನಿಂದ ಉದ್ದ ಹುಳು ಬಂದರೆ ಪಶುವೈದ್ಯರು ಅದನ್ನು ಎಸೆಯದೆ ಎಥನಾಲ್‌ನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು, ಫಾರ್ಮಲಿನ್‌ನಲ್ಲಲ್ಲ. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ.