ಉಣ್ಣುವವರ ಪಟ್ಟಿ, ಓದುವವರ ಪಟ್ಟಿ: ಬಳ್ಳಿಗಾವೆಯ ಶಾಸನದ ಮುಂದೆ ಸಭೆ

ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಸಮೀಪದಲ್ಲಿರುವ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು ವರ್ಣಿಸುವ ಶಾಸನವೊಂದುಂಟು. ಕಳಚುರಿ ಬಿಜ್ಜಳನ ಆಳ್ವಿಕೆಯ ಈ ಶಾಸನದ ಕಾಲ ಕ್ರಿ.ಶ. 1162. ಪ್ರಾಚೀನ ಕರ್ನಾಟಕದ ವಿದ್ಯಾಭ್ಯಾಸವನ್ನು ಕುರಿತು ಬರೆದವರು ಇದನ್ನು ಮೆಚ್ಚಿ ಉಲ್ಲೇಖಿಸುತ್ತಾರೆ. ಆ ಮೆಚ್ಚುಗೆ ನ್ಯಾಯವಾದುದೇ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ಷಡ್ದರ್ಶನಗಳು, ಪುರಾಣಗಳು, ಕಾವ್ಯನಾಟಕಗಳು ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದವು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು; ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತು.

ಆದರೆ ಈ ವರ್ಣನೆಯನ್ನು ನಾವು ಇನ್ನೊಮ್ಮೆ ನಿಧಾನವಾಗಿ ಓದಬೇಕಾಗಿದೆ. ಅದರಲ್ಲಿ ಎರಡು ಪಟ್ಟಿಗಳಿವೆ: ಒಂದು ವಿದ್ಯೆಯದು, ಇನ್ನೊಂದು ಅನ್ನದ್ದು. ಕುರುಡರೂ ಕಿವುಡರೂ ಕಾಣಿಸಿಕೊಳ್ಳುವುದು ಎರಡನೆಯದರಲ್ಲಿ. ಅವರಲ್ಲಿ ಒಬ್ಬರೂ ಅಲ್ಲಿ ಓದಲಿಲ್ಲವೆಂದು ಶಾಸನ ಹೇಳುವುದಿಲ್ಲ. ದಾನಶಾಸನದ ಉದ್ದೇಶ ದಾನವನ್ನು ದಾಖಲಿಸುವುದೇ ಹೊರತು ವಿದ್ಯಾರ್ಥಿಗಳನ್ನು ಎಣಿಸುವುದಲ್ಲ. ಆದರೂ ಒಂದೇ ಆವರಣದಲ್ಲಿ ಪಾಠವೂ ಪಂಕ್ತಿಯೂ ನಡೆಯುತ್ತಿದ್ದಾಗ, ಅವರನ್ನು ಪಂಕ್ತಿಯಲ್ಲಿ ಮಾತ್ರ ನೆನೆದದ್ದು ಆ ಕಾಲದ ದೃಷ್ಟಿಯನ್ನು ತಿಳಿಸುತ್ತದೆ.

ಈ ವಿಮರ್ಶೆಯನ್ನು ಶೈವಮಠದ ಮೇಲೆ ಹೊರಿಸಿ ನಾವು ನಿಶ್ಚಿಂತರಾಗಿರುವಂತಿಲ್ಲ. ಯಾಜಕಕಾಂಡದ 21ನೆಯ ಅಧ್ಯಾಯ ನಮ್ಮ ಕೈಯಲ್ಲೇ ಇದೆ. ಆರೋನನ ವಂಶದಲ್ಲಿ ಹುಟ್ಟಿದ ಕುರುಡನಾಗಲಿ ಕುಂಟನಾಗಲಿ ಯಜ್ಞವೇದಿಯನ್ನು ಸಮೀಪಿಸಬಾರದು. ಆದರೆ ಪವಿತ್ರ ಆಹಾರವನ್ನು ಊಟಮಾಡಬಹುದು. ಇಲ್ಲಿಯೂ ಎರಡು ಪಟ್ಟಿಗಳೇ: ಅನ್ನಕ್ಕೆ ಅನುಮತಿ, ಸೇವೆಗೆ ನಿಷೇಧ.

ಅನುಗ್ರಹಕ್ಕೆ ಮಾದರಿಯೆಂದು ನಾವು ಬೋಧಿಸುವ ಮೆಫೀಬೋಶೆತನ ಕಥೆಯನ್ನೂ ಇದೇ ದೃಷ್ಟಿಯಿಂದ ಪರೀಕ್ಷಿಸೋಣ. ಎರಡು ಕಾಲೂ ಕುಂಟಾದ ಅವನಿಗೆ ದಾವೀದನು ರಾಜಪಂಕ್ತಿಯಲ್ಲಿ ಸ್ಥಳ ಕೊಟ್ಟನು, ಸೌಲನ ಭೂಮಿಯನ್ನೂ ಹಿಂದಿರುಗಿಸಿದನು. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ; ಸಮುವೇಲನ ಎರಡನೆಯ ಗ್ರಂಥ ಮುಗಿಯುವುದಿಲ್ಲ. 16ನೆಯ ಅಧ್ಯಾಯದಲ್ಲಿ ಸೇವಕನಾದ ಚೀಬನ ಮಾತೊಂದನ್ನೇ ನಂಬಿ, ಮೆಫೀಬೋಶೆತನನ್ನು ವಿಚಾರಿಸದೆಯೇ, ಅರಸನು ಅವನ ಆಸ್ತಿಯನ್ನೆಲ್ಲ ಚೀಬನಿಗೆ ಕೊಟ್ಟುಬಿಡುತ್ತಾನೆ. ಒಬ್ಬನ ದಯೆಯಿಂದ ದೊರೆತದ್ದು ಅವನ ಒಂದು ಮಾತಿನಿಂದ ಹೋಗಬಹುದು. ದಾನಕ್ಕೂ ಹಕ್ಕಿಗೂ ಇರುವ ವ್ಯತ್ಯಾಸ ಇದೇ.

ವಿಶೇಷ ಶಿಕ್ಷಣದ ಚರಿತ್ರೆಯಲ್ಲಿ ಸಭೆಯ ಪಾತ್ರ ಚಿಕ್ಕದಲ್ಲ. 1880ರ ದಶಕದಲ್ಲಿ ಬೊಂಬಾಯಿಯ ಕಿವುಡರ ಶಾಲೆಯೂ ಅಮೃತಸರದ ಕುರುಡರ ಶಾಲೆಯೂ ಕ್ರೈಸ್ತರ ಶ್ರಮದಿಂದಲೇ ಆರಂಭವಾದವು. ನಮ್ಮ ನಾಡಿನಲ್ಲಿ 1901ರಲ್ಲಿ ಮೈಸೂರಿನಲ್ಲಿ ಕುರುಡ ಮತ್ತು ಕಿವುಡ ಮಕ್ಕಳ ಶಾಲೆ ಹುಟ್ಟಿತು. ಉಣ್ಣುವವರ ಪಟ್ಟಿಯಲ್ಲಿದ್ದವರನ್ನು ಇಂಥ ಶಾಲೆಗಳು ಓದುವವರ ಪಟ್ಟಿಗೆ ತಂದವು. ಆ ಋಣವನ್ನು ಮರೆಯಬಾರದು. ಆದರೆ ಆ ಪಟ್ಟಿ ಪ್ರತ್ಯೇಕವಾಗಿತ್ತು. ಅದರ ಹಿಂದಿದ್ದ ಭಾಷೆ ಬಹುಮಟ್ಟಿಗೆ ಕರುಣೆಯದೇ ಆಗಿತ್ತು.

ಹಕ್ಕಿನ ಭಾಷೆ ತಡವಾಗಿ ಬಂತು. ವಿಕಲಚೇತನ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೆ ಸೇರಿಸುವ ಕೇಂದ್ರ ಯೋಜನೆ 1974ರದು. ವಿಕಲಚೇತನರ ಹಕ್ಕುಗಳ ಮೊದಲ ಸಮಗ್ರ ಕಾಯಿದೆ 1995ರದು. 2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ನಿರ್ದಿಷ್ಟ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿತು. ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯೂ ಮಗುವಿನದೇ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡವನ್ನೂ ಪಾಠಕ್ರಮವನ್ನೂ ಮಗುವಿಗೆ ಹೊಂದಿಸಬೇಕು. ನಮ್ಮ ಸಭೆಗಳು ನಡೆಸುವ ಇಂಥ ಶಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಶಾಸನದ ಎರಡು ಪಟ್ಟಿಗಳು ಇಂದಿಗೂ ಬೇರೆ ರೂಪದಲ್ಲಿ ಉಳಿದುಕೊಂಡಿವೆ. ತೀವ್ರ ವೈಕಲ್ಯವುಳ್ಳ ಮಗು ಮನೆಯಲ್ಲೇ ಕಲಿಯುವುದನ್ನು ಆರಿಸಿಕೊಳ್ಳಬಹುದೆಂದು 2012ರ ತಿದ್ದುಪಡಿ ಹೇಳುತ್ತದೆ. ಸೊರಬದಂಥ ಮಲೆನಾಡಿನ ಅಂಚಿನ ತಾಲ್ಲೂಕನ್ನು ನೆನೆಯೋಣ: ಚದುರಿದ ಊರುಗಳು, ತೋಟಗದ್ದೆಗಳ ನಡುವಿನ ಮನೆಗಳು, ತಿಂಗಳುಗಟ್ಟಲೆ ಮಳೆ. ಗಾಲಿಕುರ್ಚಿ ಸಾಗುವ ದಾರಿ ಇಲ್ಲದ ಕಡೆ, ಕಲಿಸಬಲ್ಲ ವಿಶೇಷ ಶಿಕ್ಷಕರು ಶಾಲೆಯಲ್ಲಿಲ್ಲದ ಕಡೆ, ಮನೆಯಲ್ಲಿ ಉಳಿಯುವುದು ಆಯ್ಕೆಯೆನಿಸುವುದೇ? ಹೆಸರು ಹಾಜರಿಪುಸ್ತಕದಲ್ಲಿರುತ್ತದೆ, ಮಗು ಜಗಲಿಯ ಮೇಲಿರುತ್ತದೆ. ಅಂಥ ಮನೆಗೆ ಸಭೆ ಹಬ್ಬದ ದಿನ ಅಕ್ಕಿಬಟ್ಟೆ ಒಯ್ದು ಪ್ರಾರ್ಥಿಸಿ ಬಂದರೆ, ನಾವು ಕೋಡಿಯ ಮಠಕ್ಕಿಂತ ಮುಂದೆ ಬಂದಿದ್ದೇವೆಯೇ? ಆ ಮಠವಾದರೋ ಪ್ರತಿದಿನ ಉಣಿಸುತ್ತಿತ್ತು.

ಎಲ್ಲವೂ ಅನುಗ್ರಹವಾಗಿರುವಲ್ಲಿ ಹಕ್ಕಿನ ಮಾತೇಕೆ ಎಂಬ ಆಕ್ಷೇಪ ನಮ್ಮ ನಡುವೆ ಉಂಟು. ದೇವರ ಮುಂದೆ ನಾವೆಲ್ಲರೂ ಕೃಪೆಯಿಂದಲೇ ಬದುಕುವವರಾದರೆ, ಒಬ್ಬರಿಗೊಬ್ಬರು ದಾನಿಗಳಾಗಿ ಮೇಲೆ ನಿಲ್ಲುವ ಅಧಿಕಾರ ಯಾರಿಗೂ ಇಲ್ಲ. ಹಕ್ಕಿಗೆ ಅನುಗ್ರಹ ವಿರೋಧಿಯಲ್ಲ; ದಾನಿಯ ಹಮ್ಮಿಗೆ ವಿರೋಧಿ.

ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದ ಹುಟ್ಟುಕುರುಡನನ್ನು ನೆರೆಯವರು ಬಲ್ಲದ್ದು ಭಿಕ್ಷುಕನೆಂದು. ಅಧ್ಯಾಯ ಮುಗಿಯುವ ಹೊತ್ತಿಗೆ ಅವನು ಫರಿಸಾಯರೊಡನೆ ವಾದಿಸುತ್ತಿದ್ದಾನೆ. ನಮಗೇ ಉಪದೇಶಿಸಲು ಬಂದೆಯಾ ಎಂದು ಅವರು ಅವನನ್ನು ಹೊರಹಾಕುತ್ತಾರೆ. ಹೊರಹಾಕಲ್ಪಟ್ಟವನನ್ನು ಕ್ರಿಸ್ತನು ಹುಡುಕಿ ಕಂಡುಕೊಳ್ಳುತ್ತಾನೆ. ಕಾಣದವನ ಕೈಗೆ ಕಾಸು ಹಾಕುವುದು ಅವರಿಗೆ ಕಷ್ಟವಾಗಿರಲಿಲ್ಲ. ಅವನಿಂದ ಕಲಿಯುವುದು ಕಷ್ಟವಾಯಿತು.

ಆದುದರಿಂದ ಪ್ರಶ್ನೆ ಮೊದಲು ನಮ್ಮ ಸೆಮಿನರಿಗಳಿಗೇ ಬರುತ್ತದೆ. ನಮ್ಮ ಗ್ರಂಥಾಲಯದಲ್ಲಿ ಬ್ರೈಲ್ ಪುಸ್ತಕಗಳೆಷ್ಟು? ನಮ್ಮ ಆರಾಧನಾಲಯದ ವೇದಿಕೆಗೆ ಮೆಟ್ಟಿಲುಗಳಲ್ಲದೆ ಬೇರೆ ದಾರಿಯುಂಟೇ? ಗುರುದೀಕ್ಷೆಗೆ ಅಭ್ಯರ್ಥಿಗಳನ್ನು ಆರಿಸುವಾಗ ಯಾಜಕಕಾಂಡದ ಆ ನಿಷೇಧ ನಮ್ಮ ಮನಸ್ಸಿನಲ್ಲಿ ಇನ್ನೂ ಕೆಲಸಮಾಡುತ್ತಿಲ್ಲವೇ? ಪ್ರಭುಭೋಜನದ ರೊಟ್ಟಿಯನ್ನು ನಾವು ಅವರಿಗೆ ನೀಡುತ್ತಲೇ ಬಂದಿದ್ದೇವೆ. ಅದನ್ನು ಅವರ ಕೈಯಿಂದ ಸ್ವೀಕರಿಸಲು ಸಿದ್ಧರಾದ ದಿನ ಎರಡು ಪಟ್ಟಿಗಳೂ ಒಂದಾಗುವವು.